ಮನೆ ಹೊರಗಿನ ರೆಡ್‌ವುಡ್: ಡೆಕ್, ಬೇಲಿ, ಗೋಡೆ ಹಲಗೆ ಕಾಪಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ತುಳಸಿ ಕುಂಡ ಎತ್ತಿದ್ದು ಅಪ್ಪ. ಊರಿಂದ ಬಂದು ಎರಡು ವಾರ ಆಗಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಮನೆ ಹಿಂದಿನ ಡೆಕ್ (ಮರದ ಹಲಗೆಯ ಜಗಲಿ) ಮೇಲೆ ಕೂತು ಬೆಳಗಿನ ಕಾಫಿ ಕುಡಿಯೋದು ಅವರಿಗೆ ರೂಢಿಯಾಗಿತ್ತು. ಕುಂಡದ ಕೆಳಗೆ ತಟ್ಟೆಯಷ್ಟು ಅಗಲದ ಕಪ್ಪು ಕಲೆ. ಅಪ್ಪ ಚಮಚದ ಹಿಡಿಯಿಂದ ಅಲ್ಲಿ ಒತ್ತಿದರು. ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿ ಅರ್ಧ ಇಂಚು ಒಳಗೆ ಹೋಯಿತು. "ಲಡ್ಡಾಗಿದೆ" ಅಂದರು. ಪಕ್ಕದ ಹಲಗೆ ತಟ್ಟಿದರೆ ಟಕ್ ಅಂತ ಗಟ್ಟಿ ಸದ್ದು. ಎರಡೂ ಒಂದೇ ದಿನ ಹಾಕಿದ ಹಲಗೆಗಳು. ಎರಡಕ್ಕೂ ಒಂದೇ ಡಬ್ಬಿಯಿಂದ ಮೂರು ಕೋಟ್ ಹೊಳೆಯುವ ಸೀಲರ್ ಬಳಿದಿದ್ದವನು ನಾನೇ.

ರೆಡ್‌ವುಡ್ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ಇದು. ಬಳಿಯೋದರ ಮೇಲೆ ಎಲ್ಲ ಗಮನ, ನೀರು ಎಲ್ಲಿ ನಿಲ್ಲುತ್ತಿದೆ ಅನ್ನೋದರ ಮೇಲೆ ಏನೂ ಇಲ್ಲ. ಈ ಮರ ಕೆಡೋದು ಬಣ್ಣ ಸಾಲದೆ ಅಲ್ಲ, ನೀರು ಬಂದು ಹೋಗದೆ ಕೂತಾಗ. ಕೆಳಗಿರುವ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ನಿಮ್ಮ ಮರ ಯಾವುದು ನೋಡಿಕೊಳ್ಳಿ

ಊರಿಂದ ಯಾರೇ ಬಂದರೂ ನಾವು ಮ್ಯೂರ್ ವುಡ್ಸ್‌ಗೆ ಕರೆದುಕೊಂಡು ಹೋಗಿ ಕತ್ತು ನೋಯುವವರೆಗೆ ಮೇಲೆ ನೋಡಿಸುತ್ತೇವಲ್ಲ, ಅದೇ ಮರ ಇದು. ಕೋಸ್ಟ್ ರೆಡ್‌ವುಡ್, ಸಿಕ್ವಾಯಾ ಸೆಂಪರ್‌ವೈರೆನ್ಸ್. ಒರೆಗಾನ್‌ನ ತೆಂಕು ಮೂಲೆಯಿಂದ ಬಿಗ್ ಸರ್ ತನಕ, ಸಮುದ್ರದ ಮಂಜು ತಲುಪುವ ಕಿರಿದಾದ ಪಟ್ಟಿಯಲ್ಲಿ ಮಾತ್ರ ಇದು ತಾನಾಗಿ ಬೆಳೆಯುತ್ತದೆ. ಇಷ್ಟು ಹತ್ತಿರ ಬೆಳೆಯುವ ಮರವಾದ್ದರಿಂದಲೇ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಬೇಲಿ, ಡೆಕ್, ಹಳೆ ಮನೆಗಳ ಗೋಡೆ ಎಲ್ಲದರಲ್ಲೂ ಇದೇ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಬಣ್ಣಬಣ್ಣದ ವಿಕ್ಟೋರಿಯನ್ ಮನೆಗಳನ್ನು ಕೆರೆದರೂ ಒಳಗೆ ಸಿಗೋದು ರೆಡ್‌ವುಡ್ಡೇ.

ರೆಡ್‌ವುಡ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಹಲಗೆಯ ಬಣ್ಣ ನೋಡಿ. ಕೆಂಪು, ಕಂದು ಇರುವುದು ಚೇಗು. ಕೆನೆ ಬಣ್ಣದ್ದು ಹೊರಗಿನ ಎಳೆಮರ, ಬಿಳಿ ಭಾಗ. ಗೆದ್ದಲಿಗೂ ಬೂಷ್ಟಿಗೂ ಬೇಡವಾದ ಒಗರು ಇರೋದು ಚೇಗಿನಲ್ಲಿ ಮಾತ್ರ. ಬಿಳಿ ಭಾಗಕ್ಕೆ ಆ ರಕ್ಷಣೆ ಇಲ್ಲ, ಅದು ಯಾವುದೇ ಸಾಧಾರಣ ಮರದ ಹಾಗೆ ಕುಂಬಾಗುತ್ತದೆ. ನಮ್ಮ ಡೆಕ್‌ನಲ್ಲಿ ಲಡ್ಡಾದ ಹಲಗೆಯನ್ನು ಕಿತ್ತು ಕೊಯ್ದು ನೋಡಿದರೆ ಮುಕ್ಕಾಲು ಪಾಲು ಬಿಳಿ. ಪಕ್ಕದ್ದು ಪೂರ್ತಿ ಚೇಗು. ತೇಗ, ಹಲಸು ನೋಡಿ ಬೆಳೆದ ಅಪ್ಪನಿಗೆ ಇದು ಕೂಡಲೇ ಗೊತ್ತಾಯಿತು. ಸಾಫ್ಟ್‌ವೇರ್ ಬರೆಯುವ ನನಗೆ ಹತ್ತು ವರ್ಷ ಆದರೂ ಗೊತ್ತಾಗಿರಲಿಲ್ಲ.

ಮರದ ಅಂಗಡಿಗೆ ಹೋದಾಗ ದರ್ಜೆಯ ಹೆಸರಲ್ಲಿ "ಹಾರ್ಟ್" ಇದೆಯಾ ನೋಡಿ. ಕಾನ್ ಹಾರ್ಟ್, ಡೆಕ್ ಹಾರ್ಟ್ ಅಂದರೆ ಚೇಗು. ಕಾನ್ ಕಾಮನ್, ಡೆಕ್ ಕಾಮನ್ ಅಂದರೆ ಬಿಳಿಯೂ ಸೇರಿರುತ್ತದೆ. ನೆಲಕ್ಕೆ ಹತ್ತಿರ ಇರುವ ಕಡೆ, ನೀರು ಬೀಳುವ ಕಡೆ ಹಾರ್ಟ್ ಹಾಕಿ. ಬೇಲಿಯ ಮೇಲಿನ ಹಲಗೆಗೆ ಕಾಮನ್ ಸಾಕು.

ಇನ್ನೊಂದು ವ್ಯತ್ಯಾಸ ಇದೆ. ಹಳೆ ಕಾಡಿನ ಮರಕ್ಕೆ ಇರುವ ತಾಳಿಕೆ ಈಗ ನೆಟ್ಟು ಬೆಳೆಸಿದ ಮರಕ್ಕೆ ಇಲ್ಲ. ಹಳೆಯ ರೆಡ್‌ವುಡ್ ಕಾಡಲ್ಲಿ ಇವತ್ತು ಉಳಿದಿರೋದು ಸುಮಾರು 5 ಪರ್ಸೆಂಟ್, ಅದನ್ನು ಕಡಿಯೋದು ಬಹುಪಾಲು ನಿಂತಿದೆ. ಹಾಗಾಗಿ ನೀವು ಕೊಂಡ ಮನೆ ನೂರು ವರ್ಷದ್ದಾಗಿದ್ದರೆ, ಅದರ ಗೋಡೆ ಹಲಗೆಯನ್ನು ಕಿತ್ತು ಬಿಸಾಕುವ ಮೊದಲು ಹತ್ತು ಸಲ ಯೋಚನೆ ಮಾಡಿ. ಅಂಥ ಮರ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗೋದಿಲ್ಲ.

ಹಂತ 1: ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು

ಏಪ್ರಿಲ್‌ನಲ್ಲಿ, ಮಳೆ ಮುಗಿಯುವ ಹೊತ್ತಿಗೆ ಇದನ್ನು ಮಾಡಿ. ಒದ್ದೆ ಎಲ್ಲಿ ಉಳಿದಿದೆ ಅಂತ ಆಗಲೇ ಕಾಣೋದು. ಚೂಪಾದ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಸ್ವಲ್ಪ ಎಬ್ಬಿಸಿ. ಗಟ್ಟಿ ಮರ ಉದ್ದುದ್ದ ಸಿಬಿರಾಗಿ ಏಳುತ್ತದೆ. ಕೆಟ್ಟ ಮರ ಬಿಸ್ಕತ್ತಿನ ಹಾಗೆ ಚಿಕ್ಕ ಚೂರಾಗಿ ಮುರಿಯುತ್ತದೆ. ಇಷ್ಟೇ ಪರೀಕ್ಷೆ.

ಎಲ್ಲಿ ಚುಚ್ಚಬೇಕು? ಹಲಗೆಯ ಕೊಯ್ದ ತುದಿಗಳಲ್ಲಿ, ಎರಡು ಹಲಗೆ ಸೇರುವ ಜಾಗದಲ್ಲಿ, ಸ್ಕ್ರೂ ತಲೆಯ ಸುತ್ತ, ಕುಂಡಗಳ ಅಡಿಯಲ್ಲಿ, ಮೆಟ್ಟಿಲಿನ ಬುಡದಲ್ಲಿ, ಬೇಲಿ ಕಂಬ ಮಣ್ಣಿಗೆ ಇಳಿಯುವ ಗೆರೆಯಲ್ಲಿ. ಕಂಬ ಮಣ್ಣಿನ ಆಳದಲ್ಲಿ ಅಷ್ಟು ಬೇಗ ಕೆಡೋದಿಲ್ಲ. ಗಾಳಿ, ನೀರು ಎರಡೂ ಸಿಗುವ ಆ ಗೆರೆಯಲ್ಲೇ ಮೊದಲು ಕೆಡೋದು.

ಡೆಕ್ ಮನೆಗೆ ಅಂಟಿಕೊಂಡಿದ್ದರೆ ಅಡಿಯಲ್ಲಿ ಟಾರ್ಚ್ ಹಿಡಿದು ನುಗ್ಗಿ. ಗೋಡೆಗೆ ಸೇರಿದ ಉದ್ದ ಹಲಗೆಗೆ ಲೆಡ್ಜರ್ ಅಂತಾರೆ, ಇಡೀ ಡೆಕ್‌ನ ಒಂದು ಬದಿ ತೂಗುತ್ತಿರೋದು ಅದರ ಮೇಲೆ. ಅದಕ್ಕೆ ಬೋಲ್ಟ್ ಅಥವಾ ದಪ್ಪ ಸ್ಟ್ರಕ್ಚರಲ್ ಸ್ಕ್ರೂ ಇರಬೇಕು, ಬರೀ ಮೊಳೆ ಸಾಲದು. ಮೇಲೆ ನೀರು ಹೊರಗೆ ಹರಿಸುವ ತಗಡಿನ ಫ್ಲಾಶಿಂಗ್ ಇರಬೇಕು. ಅಲ್ಲಿ ಮರ ಮೆತ್ತಗಿದ್ದರೆ ಇಲ್ಲಿಗೇ ನಿಲ್ಲಿಸಿ ಲೈಸೆನ್ಸ್ ಇರುವ ಕಂಟ್ರಾಕ್ಟರ್‌ಗೆ ಫೋನ್ ಮಾಡಿ. 2015ರ ಜೂನ್‌ನಲ್ಲಿ ಬರ್ಕ್‌ಲಿಯಲ್ಲಿ ಬಾಲ್ಕನಿ ಕುಸಿದು ಆರು ಜನ ಯುವಕ ಯುವತಿಯರು ಸತ್ತಿದ್ದು ಹೀಗೆ ಒಳಗೊಳಗೇ ಕೊಳೆತ ತೊಲೆಗಳಿಂದ. ಆಮೇಲೆ ಅಪಾರ್ಟ್‌ಮೆಂಟ್, ಕಾಂಡೋಗಳ ಬಾಲ್ಕನಿ ತಪಾಸಣೆಗೆ ರಾಜ್ಯ ಕಾನೂನು ಮಾಡಿತು. ಒಂಟಿ ಮನೆಗೆ ಆ ಕಾನೂನು ಬರೋದಿಲ್ಲ, ಅಲ್ಲಿ ಇನ್ಸ್‌ಪೆಕ್ಟರ್ ನೀವೇ.

ಗೆದ್ದಲನ್ನೂ ನೋಡಿಕೊಳ್ಳಿ. ಗೋಡೆ ಬುಡದಲ್ಲಿ ಮಣ್ಣಿನ ಕೊಳವೆ ಇದ್ದರೆ ನೆಲದ ಗೆದ್ದಲು, ಊರಲ್ಲಿ ನೋಡಿದ್ದೇ. ಒಣಮರದ ಗೆದ್ದಲು ಬೇರೆ ಜಾತಿ, ಅದಕ್ಕೆ ಮಣ್ಣೇ ಬೇಡ. ಹಲಗೆ ಕೆಳಗೆ ಗಸಗಸೆ ಚೆಲ್ಲಿದ ಹಾಗೆ ಸಣ್ಣ ಕಾಳು ರಾಶಿ ಬಿದ್ದಿದ್ದರೆ ಅದರದ್ದೇ ಹಿಕ್ಕೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳಿಗೂ ಆರು ಮುಖ.

ಹಂತ 2: ನೀರಿಗೆ ದಾರಿ ಮಾಡಿ

ಡಬ್ಬಿ ಕೊಳ್ಳುವ ಮೊದಲಿನ ಕೆಲಸ ಇದು, ಖರ್ಚೂ ಕಡಿಮೆ.

ಡೆಕ್ ಹಲಗೆಗಳ ಸಂದಿಯಲ್ಲಿ ಎಲೆ, ಕಸ ತುಂಬಿದ್ದರೆ ಹಳೆ ಪುಟ್ಟಿ ಚಾಕುವಿನಿಂದ ಕೆರೆದು ತೆಗೆಯಿರಿ. ಆ ಸಂದಿಯ ಒದ್ದೆ ಕಸ ಹಲಗೆಯ ಎರಡೂ ಅಂಚನ್ನು ತಿಂಗಳುಗಟ್ಟಲೆ ನೆನೆಸಿಟ್ಟಿರುತ್ತದೆ. ಕಾಳ್ಗಿಚ್ಚಿನ ಕಾಲದಲ್ಲಿ ಹಾರಿ ಬರುವ ಕಿಡಿಗೂ ಅದೇ ಒಣಗಿದ ಕಸ ಹಾಸಿಗೆ. ಡೆಕ್ ಅಡಿಯಲ್ಲೂ ಬಾಚಿ ತೆಗೆಯಿರಿ. ಅಲ್ಲಿ ಸೌದೆ, ರಟ್ಟಿನ ಪೆಟ್ಟಿಗೆ ಇಡಬೇಡಿ.

ಕುಂಡಗಳಿಗೆ ಕಾಲು ಕೊಡಿ. ಅಂಗಡಿಯಲ್ಲಿ ಪಾಟ್ ಫೀಟ್ ಅಂತ ಸಿಗುತ್ತವೆ, ಟೈಲ್ಸ್ ಚೂರು ಇಟ್ಟರೂ ನಡೆಯುತ್ತದೆ. ಅಡಿಯಲ್ಲಿ ಒಂದು ಇಂಚು ಗಾಳಿ ಆಡಬೇಕು, ಅಷ್ಟೇ. ಬರೀ ತಟ್ಟೆ ಇಟ್ಟರೆ ಸಾಲದು, ತಟ್ಟೆಯ ಅಡಿಯಲ್ಲೂ ನೀರು ಕೂರುತ್ತದೆ.

ಸ್ಪ್ರಿಂಕ್ಲರ್ ಹಾಕಿ ಐದು ನಿಮಿಷ ನಿಂತು ನೋಡಿ. ಬೇಲಿಗೆ ನೀರು ಹೊಡೆಯುತ್ತಿದ್ದರೆ ಸ್ಪ್ರಿಂಕ್ಲರ್ ತಲೆ ತಿರುಗಿಸಿ. ನಮ್ಮ ಬೇಲಿಯ ಕೆಳಗಿನ ಎರಡಡಿ ಮಾತ್ರ ಕಪ್ಪಾಗಿದ್ದಕ್ಕೆ ಮಳೆ ಕಾರಣ ಅಂದುಕೊಂಡಿದ್ದೆ. ಮಳೆ ಮೇಲಿಂದ ಬರುತ್ತೆ ಅಲ್ವಾ, ಬರೀ ಕೆಳಗೆ ಯಾಕೆ ಕಪ್ಪಾಗುತ್ತೆ ಅಂತ ಹೊಳೆಯಲೇ ಇಲ್ಲ.

ಗೋಡೆ ಹಲಗೆಗೂ ಮಣ್ಣಿಗೂ ನಡುವೆ ಕಡೇ ಪಕ್ಷ 6 ಇಂಚು ಬಿಡಿ. ಹೂವಿನ ಪಾತಿಗೆ ವರ್ಷವರ್ಷ ಮಣ್ಣು, ಮರದ ಚಕ್ಕೆ ಹಾಕುತ್ತಾ ಹೋದರೆ ಈ ಅಂತರ ಗೊತ್ತಾಗದ ಹಾಗೆ ಮುಚ್ಚಿಹೋಗುತ್ತದೆ. ಮಲ್ಲಿಗೆ ಬಳ್ಳಿಯನ್ನು ಗೋಡೆಗೇ ಹಬ್ಬಿಸಬೇಡಿ, ಬೇರೆ ಚಪ್ಪರ ಮಾಡಿ. ಕಿಟಕಿ, ಬಾಗಿಲಿನ ಬದಿಯ ಸಂದಿಗೆ ಕಾಲ್ಕ್ (ಸಂದಿ ಮುಚ್ಚುವ ಮೆತ್ತನೆ ಅಂಟು) ತುಂಬಿ. ಆದರೆ ಅಡ್ಡ ಹಲಗೆಗಳು ಒಂದರ ಮೇಲೊಂದು ಕೂರುವ ಕೆಳ ಅಂಚನ್ನು ಮುಚ್ಚಬೇಡಿ. ಒಳಗೆ ಹೋದ ನೀರು ಹೊರಗೆ ಬರೋದು ಅಲ್ಲಿಂದಲೇ.

ಹಂತ 3: ಕಲೆ ಯಾವುದು?

ಕಪ್ಪು ಕಂಡ ಕೂಡಲೇ ಬ್ಲೀಚ್ ಸುರಿಯೋದು ಎಲ್ಲರ ಚಾಳಿ. ರೆಡ್‌ವುಡ್ ಮೇಲೆ ಮೂರು ತರಹದ ಕಲೆ ಇರುತ್ತದೆ, ಎಲ್ಲಕ್ಕೂ ಮದ್ದು ಒಂದೇ ಅಲ್ಲ.

ಚುಕ್ಕೆಚುಕ್ಕೆ ಕಪ್ಪು ಬೂಷ್ಟು ಇರಬಹುದು. ಮನೆಯ ಬ್ಲೀಚ್ ಒಂದು ಹನಿ ಹಾಕಿ ಎರಡು ನಿಮಿಷ ಕಾಯಿರಿ. ಬಿಳಿಚಿಕೊಂಡರೆ ಬೂಷ್ಟು, ಅದಕ್ಕೆ ಹಂತ 4ರ ಕ್ಲೀನರ್. ಹಾಗೇ ಉಳಿದರೆ ಕೊಳೆ ಅಥವಾ ಕಬ್ಬಿಣ.

ಮೊಳೆಯಿಂದ ಕಣ್ಣೀರಿನ ಹಾಗೆ ಇಳಿದ ನೀಲಿಗಪ್ಪು ಗೆರೆ ಕಬ್ಬಿಣದ್ದು. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಈಳಿಗೆಮಣೆ ಕಪ್ಪಾಗುತ್ತದಲ್ಲ, ಕಾರಣ ಅದೇ. ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಶಾಯಿ. ಹಿಂದೆ ಅಳಲೆಕಾಯಿ, ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಇದಕ್ಕೆ ಬ್ಲೀಚ್ ಕೆಲಸ ಮಾಡೋದಿಲ್ಲ, ಆಕ್ಸಾಲಿಕ್ ಆಸಿಡ್ ಬೇಕು. ಡೆಕ್ ಬ್ರೈಟ್ನರ್ ಅಂತ ಮಾರುವ ಬಹಳ ಪುಡಿಗಳಲ್ಲಿ ಇರೋದು ಅದೇ. ಒಂದೆರಡು ಕಲೆಗಾದರೆ ಅಡುಗೆಮನೆಯ ಬಾರ್ ಕೀಪರ್ಸ್ ಫ್ರೆಂಡ್ ಸಾಕು, ಅದರಲ್ಲೂ ಆಕ್ಸಾಲಿಕ್ ಇದೆ. ಆದರೆ ಮೊಳೆ ಬದಲಿಸದೆ ಕಲೆ ತೆಗೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರ್. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಇಲ್ಲದಿದ್ದರೆ ಹಾಟ್ ಡಿಪ್ ಗ್ಯಾಲ್ವನೈಸ್ಡ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿದ್ದು. ಅಗ್ಗದ ಹೊಳೆಯುವ ಎಲೆಕ್ಟ್ರೋಪ್ಲೇಟೆಡ್ ಮೊಳೆ ಬೇಡವೇ ಬೇಡ. ನಮ್ಮ ಬೇಲಿ ರಿಪೇರಿಗೆ ಬಂದವರೊಬ್ಬರು ಅದನ್ನೇ ಹೊಡೆದು ಹೋದರು. ಮೊದಲ ಚಳಿಗಾಲಕ್ಕೇ ಇಡೀ ಬೇಲಿ ಕಾಡಿಗೆ ಕಣ್ಣಲ್ಲಿ ಅತ್ತ ಹಾಗಿತ್ತು. ಪಸಿಫಿಕಾ, ಹಾಫ್ ಮೂನ್ ಬೇಯಂಥ ಕಡೆ ಸಮುದ್ರದ ಹತ್ತಿರ ಇರುವವರು 316 ದರ್ಜೆಯ ಸ್ಟೇನ್‌ಲೆಸ್ ಕೇಳಿ ತಗೊಳ್ಳಿ, ಉಪ್ಪುಗಾಳಿಗೆ ಅದೇ ತಾಳೋದು.

ಇನ್ನು ಕೆಂಪು ಕಂದು ಚಹಾ ಚೆಲ್ಲಿದ ಹಾಗಿನ ಕಲೆ. ಅದು ಮರದ ಒಗರೇ ನೀರಲ್ಲಿ ಕರಗಿ ಹೊರಗೆ ಬಂದದ್ದು. ಹೊಸ ಡೆಕ್ ಮೊದಲ ಮಳೆಗೆ ಕೆಳಗಿನ ಸಿಮೆಂಟ್ ನೆಲವನ್ನೂ ಕೆಂಪು ಮಾಡುತ್ತದೆ, ಗಾಬರಿ ಬೇಡ. ಇದಕ್ಕೂ ಆಕ್ಸಾಲಿಕ್ ಆಗುತ್ತದೆ.

ಒಂದೇ ಸಮ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಕಲೆಯಲ್ಲ, ಬಿಸಿಲು. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಲಿಗೆ ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಉಳಿಯೋದು ಬೂದು ನಾರು. ಹೀಗೆ ಸವೆಯೋದು ಬಹಳ ನಿಧಾನ. ಮೆತ್ತನೆ ಮರದಲ್ಲಿ ನೂರು ವರ್ಷಕ್ಕೆ ಹೆಚ್ಚುಕಡಿಮೆ 6 ಮಿಲಿಮೀಟರ್.

ಹಂತ 4: ತೊಳೆಯಿರಿ, ಸಿಡಿಸಬೇಡಿ

ಪ್ರೆಶರ್ ವಾಷರ್ ಬಾಡಿಗೆಗೆ ತಂದು ಚರ್ರೋ ಅಂತ ಹೊಡೆಯೋದರಲ್ಲಿ ಒಂದು ಖುಷಿ ಇದೆ, ಒಪ್ಪುತ್ತೇನೆ. ಮೊದಲ ವರ್ಷ ನಾನೂ ಹೊಡೆದೆ. ರೆಡ್‌ವುಡ್ ಬಹಳ ಮೆತ್ತನೆ, ಹಗುರ ಮರ. ನೀರಿನ ಹೊಡೆತಕ್ಕೆ ಎಳೆಯ ನಡುವಿನ ಮೆದು ಭಾಗ ಕಿತ್ತು ಬಂದು ಇಡೀ ಡೆಕ್ ನಾಯಿ ಬೆನ್ನಿನ ಹಾಗೆ ಕೂದಲೆದ್ದು ನಿಂತಿತು. ಅದನ್ನು ಉಜ್ಜಿ ಸಮ ಮಾಡಲು ಎರಡು ವಾರಾಂತ್ಯ ಹೋಯಿತು. ಬಳಸಲೇಬೇಕು ಅಂದರೆ ನೀರಿನ ಒತ್ತಡ 500-600 ಪಿಎಸ್‌ಐ ದಾಟದಿರಲಿ. ಅಗಲ ಹರಡುವ ಮೂತಿ ಹಾಕಿ, ಒಂದಡಿ ದೂರದಿಂದ, ಎಳೆಯ ಉದ್ದಕ್ಕೆ ಹೊಡೆಯಿರಿ. ನನ್ನ ಮಾತು ಕೇಳಿದರೆ ತೋಟದ ಪೈಪು, ಉದ್ದ ಹಿಡಿಯ ನೈಲಾನ್ ಬ್ರಶ್ ಸಾಕು.

1. ಗಿಡಗಳಿಗೆ ಮೊದಲು ಚೆನ್ನಾಗಿ ನೀರು ಹಾಕಿ ಪ್ಲಾಸ್ಟಿಕ್ ಹೊದಿಸಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ.

2. ಡೆಕ್ ಒದ್ದೆ ಮಾಡಿ. ಸೋಡಿಯಂ ಪರ್ಕಾರ್ಬನೇಟ್ ಇರುವ ಕ್ಲೀನರ್ ತಗೊಳ್ಳಿ, ಆಕ್ಸಿಜನ್ ಬ್ಲೀಚ್ ಅಂತ ಮಾರುತ್ತಾರೆ. ಡಬ್ಬಿಯ ಅಳತೆಯಂತೆ ಬೆಚ್ಚನೆ ನೀರಿಗೆ ಕಲಸಿ ಹಚ್ಚಿ. ಹತ್ತು ಹದಿನೈದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಎಳೆಯ ಉದ್ದಕ್ಕೆ ಉಜ್ಜಿ ತೊಳೆಯಿರಿ. ಕ್ಲೋರಿನ್ ಬ್ಲೀಚ್ ಲಿಗ್ನಿನ್ನನ್ನೇ ತಿನ್ನುತ್ತದೆ, ಪರೀಕ್ಷೆಯ ಹನಿಗೆ ಮಾತ್ರ ಸಾಕು.

3. ಈಗ ಮರ ಮೊದಲಿಗಿಂತ ಹೆಚ್ಚು ಕಪ್ಪಗೆ ಕಾಣುತ್ತದೆ. ಇಲ್ಲಿ ಬಹಳ ಜನ ಹೆದರಿಬಿಡುತ್ತಾರೆ. ಪರ್ಕಾರ್ಬನೇಟ್ ಕ್ಷಾರ, ಕ್ಷಾರ ತಾಗಿದರೆ ಒಗರು ಕಪ್ಪಾಗೋದು ಸಹಜ.

4. ಅದನ್ನು ಪೂರ್ತಿ ತೊಳೆದ ಮೇಲೆ ಆಕ್ಸಾಲಿಕ್ ಬ್ರೈಟ್ನರ್ ಹಚ್ಚಿ. ಪ್ಲಾಸ್ಟಿಕ್ ಬಕೆಟ್ ಬಳಸಿ. ಕಣ್ಣೆದುರೇ ಕಪ್ಪು ಕರಗಿ ಜೇನಿನ ಬಣ್ಣ ಏಳುತ್ತದೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹತ್ತು ನಿಮಿಷ ಇದು. ಆಮೇಲೆ ಧಾರಾಳ ನೀರಲ್ಲಿ ತೊಳೆಯಿರಿ.

ಎರಡು ಎಚ್ಚರಿಕೆ. ಬ್ಲೀಚನ್ನು ಆಸಿಡ್ ಜೊತೆಗಾಗಲಿ ಅಮೋನಿಯಾ ಜೊತೆಗಾಗಲಿ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ತೊಳೆದ ನೀರು ರಸ್ತೆ ಬದಿಯ ಮಳೆ ಚರಂಡಿಗೆ ಹೋಗದ ಹಾಗೆ ನೋಡಿಕೊಳ್ಳಿ. ಇಲ್ಲಿ ಆ ಚರಂಡಿ ಶುದ್ಧೀಕರಣಕ್ಕೆ ಹೋಗೋದಿಲ್ಲ, ನೇರ ಹಳ್ಳಕ್ಕೆ, ಕೊಲ್ಲಿಗೆ. ಹುಲ್ಲಿನ ಕಡೆ ತಿರುಗಿಸಿ.

ಹಂತ 5: ಒಣಗಿಸಿ, ಉಜ್ಜಿ

ಬಿಸಿಲು ಚೆನ್ನಾಗಿದ್ದರೆ ಕಡೇ ಪಕ್ಷ ಎರಡು ದಿನ, ಮಂಜಿನ ಊರಾದರೆ ಇನ್ನೂ ಜಾಸ್ತಿ. ಮೂವತ್ತು ನಲವತ್ತು ಡಾಲರ್‌ಗೆ ತೇವ ಅಳೆಯುವ ಮೀಟರ್ ಸಿಗುತ್ತದೆ. 15 ಪರ್ಸೆಂಟಿಗಿಂತ ಕೆಳಗೆ ಬಂದರೆ ಮುಂದುವರಿಯಿರಿ.

ಉಜ್ಜಲು 60 ಇಲ್ಲವೇ 80 ನಂಬರ್ ಸ್ಯಾಂಡ್‌ಪೇಪರ್ ಸಾಕು. ಪೀಠೋಪಕರಣದ ಹಾಗೆ ನುಣುಪು ಮಾಡಿದರೆ ಮರದ ರಂಧ್ರ ಮುಚ್ಚಿಹೋಗಿ ಸ್ಟೇನ್ (ಮರ ಕುಡಿಯುವ ಬಣ್ಣ) ಒಳಗೆ ಇಳಿಯೋದೇ ಇಲ್ಲ. ಮುಖಕ್ಕೆ ಎನ್95 ಹಾಕಿಕೊಳ್ಳಿ. ರೆಡ್‌ವುಡ್ ಧೂಳಿನಿಂದ ಬರುವ ಶ್ವಾಸಕೋಶದ ತೊಂದರೆಗೆ ಸಿಕ್ವಾಯೋಸಿಸ್ ಅಂತ ಈ ಮರದ ಹೆಸರನ್ನೇ ಇಟ್ಟಿದ್ದಾರೆ.

ಮನೆ 1978ಕ್ಕಿಂತ ಹಳೆಯದಾಗಿ, ಮರದ ಮೇಲೆ ಹಳೆ ಪೇಂಟ್ ಇದ್ದರೆ ಉಜ್ಜಲೇಬೇಡಿ. ಸೀಸ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿ ಬೇಡ.

ಹಂತ 6: ಏನು ಬಳಿಯೋದು?

ಅಂಗಡಿಯ ಆ ಸಾಲಲ್ಲಿ ನಿಂತರೆ ತಲೆ ತಿರುಗುತ್ತದೆ. ಸುಮ್ನೆ ಎರಡೇ ಗುಂಪು ಮಾಡಿಕೊಳ್ಳಿ: ಮರದೊಳಗೆ ಇಳಿಯುವುದು, ಮರದ ಮೇಲೆ ಪದರವಾಗಿ ಕೂರುವುದು.

ವಾರ್ನಿಶ್, ಪಾಲಿಯುರೆಥೇನ್, ಹೊಳೆಯುವ ಸೀಲರ್ ಎಲ್ಲ ಪದರದ ಜಾತಿ. ಡಬ್ಬಿ ಮೇಲಿನ ಫೋಟೋದಲ್ಲಿ ಚೆಂದ. ಹೊರಗಿನ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ. ಬಿರುಕಲ್ಲಿ ಹೋದ ನೀರು ಪದರದ ಕೆಳಗೆ ಸಿಕ್ಕಿಬೀಳುತ್ತದೆ. ನಮ್ಮ ತುಳಸಿ ಕುಂಡದ ಕೆಳಗೆ ಆದದ್ದು ಇದೇ: ಕುಂಡದ ಉಜ್ಜಿಗೆ ಪದರ ಸವೆದಿತ್ತು, ನೀರು ಒಳಗೆ ಹೋಗಿತ್ತು, ಸುತ್ತಲಿನ ಹೊಳಪು ಅದನ್ನು ಆರಲು ಬಿಡಲಿಲ್ಲ. ಮತ್ತೆ ಬಳಿಯಬೇಕಾದರೆ ಅಷ್ಟನ್ನೂ ಕೆರೆದು ತೆಗೆಯಬೇಕು, ಅದು ಬೇರೆ ಶಿಕ್ಷೆ.

ಡೆಕ್‌ಗೆ ನಾನು ಹೇಳೋದು ಒಂದೇ: ಮರದೊಳಗೆ ಇಳಿಯುವ ಸೆಮಿ ಟ್ರಾನ್ಸ್‌ಪರೆಂಟ್ ಸ್ಟೇನ್. ಎಳೆ ಕಾಣುತ್ತದೆ, ಸಿಪ್ಪೆ ಏಳೋದಿಲ್ಲ. ಸವೆದಾಗ ತೊಳೆದು ಮೇಲೆ ಇನ್ನೊಂದು ಕೋಟ್ ಹಾಕಿದರೆ ಮುಗಿಯಿತು. ಅದರಲ್ಲಿರುವ ಬಣ್ಣದ ಪುಡಿಯೇ ಬಿಸಿಲಿಗೆ ಕೊಡೆ. ಬಣ್ಣವಿಲ್ಲದ ವಾಟರ್ ರಿಪೆಲೆಂಟ್ ನೀರು ತಡೆಯುತ್ತದೆ, ಬಿಸಿಲನ್ನು ಅಷ್ಟಾಗಿ ತಡೆಯೋದಿಲ್ಲ, ವರ್ಷವರ್ಷ ಹಾಕಬೇಕು. ಸೆಮಿ ಟ್ರಾನ್ಸ್‌ಪರೆಂಟ್ ಡೆಕ್ ಮೇಲೆ ಎರಡು ವರ್ಷದ ಆಜೂಬಾಜು ಬರುತ್ತದೆ, ನಿಂತ ಗೋಡೆಯ ಮೇಲೆ ಮೂರರಿಂದ ಐದು. ಪಶ್ಚಿಮದ ಬಿಸಿಲು ಬಡಿಯುವ ಕಡೆ ಯಾವಾಗಲೂ ಮೊದಲು ಸವೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವಿಒಸಿ (ಬಣ್ಣದಿಂದ ಗಾಳಿಗೆ ಆವಿಯಾಗುವ ರಾಸಾಯನಿಕ) ನಿಯಮ ಬಿಗಿ, ಬೇರೆ ರಾಜ್ಯದ ಗೆಳೆಯರು ಹೊಗಳುವ ಕೆಲವು ಎಣ್ಣೆ ಸ್ಟೇನ್ ಇಲ್ಲಿ ಸಿಗೋದಿಲ್ಲ. ಸಿಕ್ಕಿದ್ದರಲ್ಲೇ ಒಳ್ಳೆಯದು ಆರಿಸಿ.

ಬರೀ ಅಗಸೆ ಎಣ್ಣೆ ಹಚ್ಚಿದರೆ? ಊರಲ್ಲಿ ಬಾಗಿಲಿಗೆ ಹಚ್ಚುತ್ತಿದ್ದೆವಲ್ಲ ಅಂತ ಅಪ್ಪನೂ ಕೇಳಿದರು. ಒಳಗಿನ ಬಾಗಿಲಿಗೆ ಸರಿ. ಇಲ್ಲಿಯ ಒದ್ದೆ ಚಳಿಗಾಲದಲ್ಲಿ ಹೊರಗೆ ಹಚ್ಚಿದರೆ ಬೂಷ್ಟಿಗೆ ಊಟ ಹಾಕಿದ ಹಾಗೆ, ವರ್ಷದೊಳಗೆ ಕಪ್ಪಾಗುತ್ತದೆ.

ಗೋಡೆ ಹಲಗೆಗೆ ಪೇಂಟ್ ಬೇಕೆಂದರೆ ಹಾಕಬಹುದು. ಸರಿಯಾಗಿ ಹಾಕಿದರೆ ಏಳರಿಂದ ಹತ್ತು ವರ್ಷ ಬರುತ್ತದೆ. ರೆಡ್‌ವುಡ್‌ನಲ್ಲಿ ರಾಳ ಇಲ್ಲದ್ದರಿಂದ ಪೇಂಟ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಕೆಳಗೆ ಸ್ಟೇನ್ ಬ್ಲಾಕಿಂಗ್ ಪ್ರೈಮರ್ ಇಲ್ಲದಿದ್ದರೆ ಬಿಳಿ ಪೇಂಟ್ ಮೂಲಕ ಒಗರು ಒಸರಿ ಚಹಾ ಬಣ್ಣ ಬರುತ್ತದೆ. ಡೆಕ್‌ಗೆ ಮಾತ್ರ ಪೇಂಟ್ ಬೇಡ. ಹೊಸ ಮರವನ್ನು ಒಂದು ವರ್ಷ ಹಾಗೇ ಬಿಡಿ, ಆಮೇಲೆ ಬಳಿಯಿರಿ ಅಂತ ಹಳಬರು ಹೇಳುತ್ತಾರೆ, ಕೇಳಬೇಡಿ. ಅಷ್ಟು ಹೊತ್ತಿಗೆ ಮೇಲ್ಮೈ ಬಿಸಿಲಿಗೆ ಸತ್ತಿರುತ್ತದೆ, ಬಳಿದದ್ದು ಸತ್ತ ನಾರಿಗೆ ಅಂಟುತ್ತದೆ. ಮರ ಒಣಗಿದ್ದರೆ ಎರಡು ಮೂರು ವಾರದೊಳಗೆ ಬಳಿಯಿರಿ.

ಏನೂ ಬಳಿಯದೆ ಬಿಡೋದೂ ಒಂದು ಆಯ್ಕೆಯೇ. ಸೊನೋಮಾ ಕರಾವಳಿಯ ಸೀ ರ‍್ಯಾಂಚ್‌ಗೆ ಹೋದರೆ ನೋಡಿ. 1965ರಲ್ಲಿ ಮುಗಿದ ಕಾಂಡೋಮಿನಿಯಂ ಒನ್ ಕಟ್ಟಡದ ಹೊರಗೋಡೆಗೆ ಬಣ್ಣ ಬಳಿಯದ ರೆಡ್‌ವುಡ್ ಹಲಗೆ. ಮಂಜು, ಉಪ್ಪುಗಾಳಿ ತಾಗಿ ಬಂಡೆಯ ಬೂದುಬಣ್ಣಕ್ಕೆ ತಿರುಗಿದೆ. ಆ ಬೂದು ನಿಮಗೆ ಇಷ್ಟವಾದರೆ, ಹಲಗೆ ಚೇಗಾಗಿದ್ದರೆ, ನೀರು ನಿಲ್ಲದಿದ್ದರೆ ಬೇಲಿಯನ್ನು ಧಾರಾಳವಾಗಿ ಹಾಗೇ ಬಿಡಿ. ಡೆಕ್ ಮಾತ್ರ ಹಾಗೆ ಬಿಟ್ಟರೆ ಸಿಬಿರು ಏಳುತ್ತದೆ, ಬರಿಗಾಲಲ್ಲಿ ಓಡಾಡುವ ನಮ್ಮಂಥವರಿಗೆ ಕಷ್ಟ.

ಹಂತ 7: ಬಳಿಯುವ ದಿನ

ನಮ್ಮ ಕಡೆ ಮೇ, ಜೂನ್ ಒಳ್ಳೆಯದು. 10ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಅಂದರೆ 50ರಿಂದ 90 ಫ್ಯಾರನ್‌ಹೀಟ್. ಬೆಳಗಿನ ಇಬ್ಬನಿ ಆರಿರಬೇಕು. ನೆರಳನ್ನು ಹಿಂಬಾಲಿಸಿ. ಬಿಸಿಲಿಗೆ ಕಾದ ಹಲಗೆಗೆ ಹಚ್ಚಿದರೆ ಒಳಗೆ ಇಳಿಯುವ ಮೊದಲೇ ಮೇಲೆ ಒಣಗುತ್ತದೆ.

ಹತ್ತಡಿಗೆ ಇಪ್ಪತ್ತಡಿ ಡೆಕ್‌ಗೆ ಸುಮಾರು ಒಂದು ಗ್ಯಾಲನ್ ಹಿಡಿಯುತ್ತದೆ. ಒರಟು ಬೇಲಿ ಹಲಗೆ ಅದರ ಎರಡರಷ್ಟು ಕುಡಿದರೂ ಆಶ್ಚರ್ಯ ಪಡಬೇಡಿ. ಎರಡು ಮೂರು ಡಬ್ಬಿ ಇದ್ದರೆ ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದು ಬೆರೆಸಿ, ಇಲ್ಲವಾದರೆ ಬಣ್ಣದಲ್ಲಿ ತುಸು ವ್ಯತ್ಯಾಸ ಬರುತ್ತದೆ. ಆಗಾಗ ಕದಡುತ್ತಿರಿ, ಬಣ್ಣದ ಪುಡಿ ತಳಕ್ಕೆ ಕೂರುತ್ತದೆ.

ಮೊದಲು ಹಲಗೆಗಳ ಕೊಯ್ದ ತುದಿಗಳು. ಹುಲ್ಲಿನ ಕಂತೆಯ ತುದಿಯಿಂದ ನೋಡಿದ ಹಾಗೆ ಅಲ್ಲಿ ಎಲ್ಲ ಕೊಳವೆಗಳ ಬಾಯಿ ತೆರೆದಿರುತ್ತದೆ. ನೀರು ಕುಡಿಯೋದೂ ಅಲ್ಲೇ, ಕುಂಬಾಗೋದು ಶುರುವಾಗೋದೂ ಅಲ್ಲೇ. ಕುಡಿದಷ್ಟು ಕುಡಿಸಿ, ಒಂದೇ ಕೂರಿಕೆಯಲ್ಲಿ ಎರಡು ಮೂರು ಸಲ. ಆಮೇಲೆ ಎರಡೋ ಮೂರೋ ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಮುಗಿಸಿ. ನಡುವೆ ನಿಲ್ಲಿಸಿ ಕಾಫಿಗೆ ಹೋದರೆ ಆ ಜಾಗದಲ್ಲಿ ಗೆರೆ ಉಳಿಯುತ್ತದೆ. ರೋಲರ್‌ನಲ್ಲಿ ಹಚ್ಚಿದರೂ ಹಿಂದೆಯೇ ಬ್ರಶ್‌ನಲ್ಲಿ ಎಳೆಯಿರಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಒರೆಸದೆ ಬಿಟ್ಟರೆ ಅದೂ ಅಂಟಂಟಾಗಿ ಪದರವೇ ಆಗುತ್ತದೆ. "ಇನ್ನೊಂದು ಕೋಟ್ ಹಾಕಿಬಿಡೋಣ" ಅನ್ನುವ ಆಸೆ ಬರುತ್ತದೆ. ಡಬ್ಬಿಯಲ್ಲಿ ಒಂದೇ ಕೋಟ್ ಅಂತ ಇದ್ದರೆ ಒಂದೇ.

ಒರೆಸಿದ ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಉಂಡೆಯೊಳಗೆ ಆ ಶಾಖ ಹೋಗಲು ಜಾಗ ಇಲ್ಲದೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ.

ಬೇಲಿಯ ಬಗ್ಗೆ ಇನ್ನೆರಡು ಮಾತು

ಬೇಲಿ ಕಂಬಕ್ಕೆ ರೆಡ್‌ವುಡ್ ಹಾಕುವ ಕಾಲ ಮುಗಿಯಿತು ಅಂತಲೇ ನನ್ನ ಅಭಿಪ್ರಾಯ. ಪ್ರೆಶರ್ ಟ್ರೀಟೆಡ್ (ಕೊಳೆಯದ ಹಾಗೆ ಒತ್ತಡದಲ್ಲಿ ಮದ್ದು ಇಳಿಸಿದ) ಕಂಬ ಅಥವಾ ಸ್ಟೀಲ್ ಕಂಬ ಹಾಕಿ, ಹಲಗೆ ಮಾತ್ರ ರೆಡ್‌ವುಡ್ ಇರಲಿ. ನೆಲಕ್ಕೆ ತಾಗುವ ಕೆಳಗಿನ ಅಡ್ಡ ಪಟ್ಟಿಯೂ ಟ್ರೀಟೆಡ್ ಆಗಿದ್ದರೆ ಒಳ್ಳೆಯದು, ಅದು ಹೋದರೆ ಅದೊಂದನ್ನೇ ಬದಲಿಸಬಹುದು. ಕಂಬದ ಸುತ್ತ ಕಾಂಕ್ರೀಟನ್ನು ಬಟ್ಟಲಿನ ಹಾಗೆ ಬಿಡದೆ, ನೀರು ಹೊರಗೆ ಜಾರುವ ಹಾಗೆ ಇಳಿಜಾರು ಮಾಡಿಸಿ. ಬೇಲಿ ಬಂದು ಮನೆಗೆ ಸೇರುವ ಕೊನೆಯ ಐದಡಿಗೆ ಮರದ ಬದಲು ಲೋಹ ಹಾಕಿದರೆ, ಬೇಲಿಗೆ ಹತ್ತಿದ ಬೆಂಕಿ ಬತ್ತಿಯ ಹಾಗೆ ಮನೆಗೆ ಬರೋದು ತಪ್ಪುತ್ತದೆ.

ಖರ್ಚು ಯಾರದ್ದು? ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್ 841ರ ಪ್ರಕಾರ ಗಡಿ ಬೇಲಿ ಎರಡೂ ಮನೆಗೆ ಉಪಯೋಗ ಅಂತಲೇ ಲೆಕ್ಕ. ಮಾಮೂಲಿಯಾಗಿ ಖರ್ಚು ಅರ್ಧರ್ಧ. ಕೆಲಸ ಶುರು ಮಾಡುವ 30 ದಿನ ಮೊದಲು ಪಕ್ಕದವರಿಗೆ ಬರಹದಲ್ಲಿ ತಿಳಿಸಬೇಕು: ಏನು ಕೆಟ್ಟಿದೆ, ಏನು ಮಾಡುತ್ತೀರಿ, ಎಷ್ಟು ಖರ್ಚು, ಹೇಗೆ ಹಂಚಿಕೊಳ್ಳೋದು, ಯಾವಾಗ. ನಾನು ಕಾಗದ ಕೊಡುವ ಮೊದಲು ಒಂದು ಡಬ್ಬಿ ಕೋಡುಬಳೆ ತಗೊಂಡು ಹೋದೆ. ಅವರೇ ಬ್ರಶ್ ಹಿಡಿದು ತಮ್ಮ ಬದಿಯನ್ನು ಬಳಿದರು.

ಆಮೇಲೆ?

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಅಕ್ಟೋಬರ್‌ನಲ್ಲಿ ಮಳೆಗೆ ಮುಂಚೆ ಸಂದಿ ಕೆರೆದು, ಮಳೆನೀರಿನ ದೋಣಿ ಶುಚಿ ಮಾಡಿ, ಸಡಿಲವಾದ ಸ್ಕ್ರೂ ಬಿಗಿ ಮಾಡೋದು. ಏಪ್ರಿಲ್‌ನಲ್ಲಿ ಸ್ಕ್ರೂಡ್ರೈವರ್ ಸುತ್ತು. ಮತ್ತೆ ಬಳಿಯುವ ಕಾಲ ಬಂತಾ ಅಂತ ತಿಳಿಯಲು ಒಣಗಿದ ಹಲಗೆಗೆ ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಉರುಟಾಗಿ ನಿಂತರೆ ಇನ್ನೂ ಸಮಯ ಇದೆ. ಒಂದು ನಿಮಿಷದೊಳಗೆ ಹೀರಿಕೊಂಡು ಜಾಗ ಕಪ್ಪಾದರೆ ಡಬ್ಬಿ ತನ್ನಿ. ನಡೆದಾಡುವ ದಾರಿಯಲ್ಲಿ ಒಂದು ಕಡೆ, ಮೂಲೆಯಲ್ಲಿ ಒಂದು ಕಡೆ, ಎರಡೂ ಕಡೆ ನೋಡಿ. ಎಷ್ಟೋ ಸಲ ಬಾಗಿಲ ಮುಂದಿನ ಆರು ಹಲಗೆ ಮಾತ್ರ ಕೇಳುತ್ತಿರುತ್ತವೆ.

ಲಡ್ಡಾದ ಆ ಒಂದು ಹಲಗೆ ಬದಲಿಸಲು ನಮಗೆ ಒಂದು ಬೆಳಗ್ಗೆ ಸಾಕಾಯಿತು. ಅಂಗಡಿಯ ರಾಶಿಯಲ್ಲಿ ಅಪ್ಪ ಹದಿನೈದು ಹಲಗೆ ಮಗುಚಿ ಹಾಕಿ, ಬಿಳಿ ಇಲ್ಲದ ಒಂದನ್ನು ಆರಿಸಿದರು. ಹೊಸದು ಸುತ್ತಲಿನ ಹಲಗೆಗಳ ನಡುವೆ ಎರಡು ವರ್ಷ ಎದ್ದು ಕಾಣುತ್ತಿತ್ತು, ಈಗ ಯಾವುದು ಅಂತ ಹುಡುಕಬೇಕು. ತುಳಸಿ ಈಗ ಮೂರು ಟೈಲ್ಸ್ ಚೂರಿನ ಮೇಲೆ ನಿಂತಿದೆ.